ಎರಡು ವರ್ಷದ ಮಗುವಿನ ಜೊತೆ ಮುಳ್ಳಯ್ಯನಗಿರಿ: ಹಾಸನದಿಂದ ಹೋಗಿ ಬರುವ ಬಗೆ

ಸೋಮವಾರ

ಗಿರಿಗೆ ಹೋಗುವುದು ಬುಧವಾರ. ಆದರೆ ಕೆಲಸ ಸೋಮವಾರವೇ ಶುರುವಾಗುತ್ತದೆ, ಅದೂ ಮೊಬೈಲಿನಿಂದ. ಮುಳ್ಳಯ್ಯನಗಿರಿ ಇರುವ ಚಂದ್ರದ್ರೋಣ ಗಿರಿಶ್ರೇಣಿಗೆ ಹೋಗುವ ಪ್ರವಾಸಿ ವಾಹನಗಳು ಮುಂಚಿತವಾಗಿ ಆನ್‌ಲೈನಿನಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮ 2025ರ ಸೆಪ್ಟೆಂಬರ್‌ನಿಂದ ಬಂದಿದೆ. ದಿನಕ್ಕೆ ಎರಡು ಪಾಳಿ: ಬೆಳಿಗ್ಗೆ 6ರಿಂದ 12, ಮಧ್ಯಾಹ್ನ 1ರಿಂದ 6. ಮಗು ಜೊತೆಗಿದ್ದರೆ ಬೆಳಗಿನ ಪಾಳಿಯನ್ನೇ ಹಿಡಿಯಬೇಕು. ಮಧ್ಯಾಹ್ನದ ಪಾಳಿ ಶುರುವಾಗುವ ಹೊತ್ತಿಗೆ ಮಗುವಿಗೆ ನಿದ್ದೆಯ ಜೊಂಪು, ಎದ್ದ ಮೇಲೆ ಹಸಿವು, ಅದು ಮುಗಿಯುವಷ್ಟರಲ್ಲಿ ಬಿಸಿಲು ಇಳಿದು ಚಳಿ ಹತ್ತಿರುತ್ತದೆ. ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದರವರೆಗೆ ಮಗು ಗೆಲುವಾಗಿರುತ್ತದೆ. ಇಡೀ ಪ್ರವಾಸ ನಿಂತಿರುವುದು ಈ ಎರಡೂವರೆ ಗಂಟೆಯ ಮೇಲೆ.

ಶನಿವಾರ, ಭಾನುವಾರ, ಸರಣಿ ರಜೆಗಳನ್ನು ಬಿಟ್ಟುಬಿಡಿ. ಮುಳ್ಳಯ್ಯನಗಿರಿಗೆ ಮುಂಚೆ ದಾರಿಯಲ್ಲಿ ಸಿಗುವ ಸೀತಾಳಯ್ಯನಗಿರಿಯಿಂದ ಮೇಲಕ್ಕೆ ಹೋಗುವ ರಸ್ತೆ ಕಿರಿದು, ಕಡಿದು. ಎದುರುಬದುರು ಎರಡು ಕಾರು ಸಿಕ್ಕಿಕೊಂಡರೆ ಹಿಂದಿನ ಇಪ್ಪತ್ತು ಕಾರು ನಿಲ್ಲುತ್ತವೆ. ದೊಡ್ಡವರು ಇಳಿದು ನಿಂತು ಫೋಟೊ ತೆಗೆದುಕೊಳ್ಳಬಹುದು. ಬೆಲ್ಟ್ ಹಾಕಿ ಕೂರಿಸಿದ ಮಗುವಿಗೆ ಆ ಒಂದು ಗಂಟೆ ಸೆರೆವಾಸ. ದತ್ತ ಜಯಂತಿ, ದತ್ತಮಾಲೆಯ ದಿನಗಳಲ್ಲಿ ಪ್ರವಾಸಿಗರಿಗೆ ನಿರ್ಬಂಧ ಇರುತ್ತದೆ. ದೀಪಾವಳಿಯ ಹೊತ್ತಿನಲ್ಲಿ ದೇವೀರಮ್ಮನ ಬೆಟ್ಟಕ್ಕೆ ಜನ ಹರಿದು ಬರುವುದರಿಂದ ಆ ಕಡೆಯ ರಸ್ತೆಗಳು ತುಂಬಿರುತ್ತವೆ. ಮಳೆ ಜೋರಾಗಿ ಗುಡ್ಡ ಕುಸಿದಾಗಲೂ ದಾರಿ ಮುಚ್ಚುತ್ತಾರೆ. ಹೊರಡುವ ಮುನ್ನ ಚಿಕ್ಕಮಗಳೂರು ಜಿಲ್ಲಾಡಳಿತದ ಪ್ರಕಟಣೆ ನೋಡಿಕೊಳ್ಳಿ.

ಮಗುವಿನ ಮಟ್ಟಿಗೆ ಒಳ್ಳೆಯ ತಿಂಗಳುಗಳು ನವೆಂಬರ್, ಡಿಸೆಂಬರ್, ಜನವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿರಿ ಮೋಡದೊಳಗೇ ಇರುತ್ತದೆ. ಹಸಿರು ನೋಡಲು ಚಂದ ನಿಜ, ಆದರೆ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲಲೂ ಆಗದಂಥ ಗಾಳಿ, ಜೊತೆಗೆ ಅಡ್ಡಮಳೆ. ಎರಡು ವರ್ಷದ ಕೂಸಿಗೆ ಅದು ಜಾಗವಲ್ಲ.

ಸೋಮವಾರವೇ ಗಮನಿಸಬೇಕಾದ ಇನ್ನೊಂದು ವಿಷಯ: ಮಗುವಿಗೆ ನೆಗಡಿ ಇದೆಯೇ? ಮೂಗು ಕಟ್ಟಿದ್ದರೆ ದಿನಾಂಕ ಮುಂದೂಡಿ. ಹಾಸನ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 980 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಉಸಿರಾಟಕ್ಕೆ ತೊಂದರೆಯಾಗುವ ಎತ್ತರವೇನೂ ಇದಲ್ಲ. ಆದರೆ ಕಿವಿಗೂ ಗಂಟಲಿಗೂ ನಡುವೆ ಇರುವ ಸಣ್ಣ ನಾಳ ನೆಗಡಿಯಿಂದ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಹೊರಗಿನದಕ್ಕೆ ಸರಿದೂಗುವುದಿಲ್ಲ. ಹತ್ತುವಾಗ ಸುಮ್ಮನಿದ್ದ ಮಗು ಇಳಿಯುವಾಗ ಕಿವಿ ಹಿಡಿದುಕೊಂಡು ಕಿರುಚುವುದು ಇದರಿಂದಲೇ.

ಮಂಗಳವಾರ

ಬಟ್ಟೆಯಿಂದ ಶುರುಮಾಡೋಣ. ಪ್ರತಿ ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಅಂದರೆ ಹಾಸನದಲ್ಲಿ 18 ಡಿಗ್ರಿ ಇದ್ದರೆ ನೆತ್ತಿಯಲ್ಲಿ 12ರ ಆಸುಪಾಸು, ಗಾಳಿ ಸೇರಿದರೆ ಮೈಗೆ ಅದಕ್ಕಿಂತಲೂ ಕಡಿಮೆ ಅನ್ನಿಸುತ್ತದೆ. ಒಂದೇ ದಪ್ಪ ಸ್ವೆಟರಿಗಿಂತ ನಾಲ್ಕು ತೆಳು ಪದರ ಲೇಸು: ಒಳಗೆ ಹತ್ತಿ ಬನಿಯನ್, ಅದರ ಮೇಲೆ ತುಂಬುತೋಳಿನ ಅಂಗಿ, ಮೇಲೆ ಉಣ್ಣೆಯ ಸ್ವೆಟರ್, ಎಲ್ಲದರ ಮೇಲೆ ಗಾಳಿ ತಡೆಯುವ ಜಾಕೆಟ್. ಕೈಹೆಣಿಗೆಯ ಸ್ವೆಟರ್ ಎಷ್ಟು ಬೆಚ್ಚಗಿದ್ದರೂ ಕಣ್ಣುಕಣ್ಣಿನ ಸಂದಿಯಲ್ಲಿ ಗಾಳಿ ನುಗ್ಗುತ್ತದೆ, ಆ ಕೊನೆಯ ಪದರವನ್ನು ಮರೆಯಬಾರದು. ತಲೆಗೆ ಕಿವಿ ಮುಚ್ಚುವ, ಗದ್ದದ ಕೆಳಗೆ ಕಟ್ಟುವ ಕುಲಾವಿ ಬೇಕು. ಕಟ್ಟಿಲ್ಲದ ಟೋಪಿ ಮೊದಲ ಗಾಳಿಗೇ ಕಣಿವೆ ಸೇರುತ್ತದೆ. ಕಾಲುಚೀಲ ಮೂರು ಜೊತೆ ಇರಲಿ.

ಬೆನ್ನಿಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್ ಇಲ್ಲದೆ ಈ ಬೆಟ್ಟ ಹತ್ತುವುದು ಬೇಡ. ತಳ್ಳುಗಾಡಿ ಮೆಟ್ಟಿಲಲ್ಲಿ ಉರುಳುವುದಿಲ್ಲ. ಹೆಗಲ ಮೇಲೆ ಕೂರಿಸಿಕೊಂಡರೆ ಗಾಳಿ ಜೋಲಿ ತಪ್ಪಿಸುತ್ತದೆ. ಸೊಂಟದ ಮೇಲೆ ಎತ್ತಿಕೊಂಡರೆ ಇಳಿಯುವಾಗ ಒಂದು ಕೈ ಕಟ್ಟಿಹಾಕಿದಂತೆ. ಈ ವಯಸ್ಸಿನ ಮಗು 11–12 ಕಿಲೊ ತೂಗುತ್ತದೆ. ಕ್ಯಾರಿಯರಿನ ಸೊಂಟಪಟ್ಟಿಯನ್ನು ಸೊಂಟದ ಮೂಳೆಯ ಮೇಲೇ ಬಿಗಿದುಕೊಳ್ಳಬೇಕು. ಪಟ್ಟಿ ಹೊಟ್ಟೆಗೆ ಜಾರಿದರೆ ಭಾರವೆಲ್ಲ ಭುಜಕ್ಕೆ ಬಿದ್ದು ನೂರು ಮೆಟ್ಟಿಲಿಗೇ ಬೆನ್ನು ಹಿಡಿಯುತ್ತದೆ. ಮಗುವಿನ ಮಂಡಿ ಅಂಡಿಗಿಂತ ತುಸು ಮೇಲಿರಬೇಕು, ತೊಡೆಯುದ್ದಕ್ಕೂ ಬಟ್ಟೆಯ ಆಸರೆ ಇರಬೇಕು. ಕಾಲು ಸುಮ್ಮನೆ ನೇತಾಡಿದರೆ ಜೋಮು ಹಿಡಿದು, ಪಾದ ತಣ್ಣಗಾಗಿ ಅಳು ಶುರುವಾಗುತ್ತದೆ. ಮಂಗಳವಾರ ಸಂಜೆ ಮಗುವನ್ನು ಇದರಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ಬೀದಿ ಸುತ್ತಿ ಬನ್ನಿ. ಮೊದಲ ಸಲ ಬೆಟ್ಟದ ಬುಡದಲ್ಲೇ ಕೂರಿಸಲು ಹೋದರೆ ಬೆನ್ನು ಬಿಲ್ಲಿನಂತೆ ಬಾಗಿಸಿ ಚೀರುತ್ತದೆ, ಅಲ್ಲಿಗೆ ಹತ್ತುವ ಮಾತು ಮುಗಿಯಿತು.

ಊಟ. ಮೇಲೆ ಬೇಯಿಸುವುದಕ್ಕಾಗಲಿ ಬಿಸಿ ಮಾಡುವುದಕ್ಕಾಗಲಿ ಅನುಕೂಲವಿಲ್ಲ. ರಾಗಿ ಸರಿಯನ್ನು ಕುದಿಸಲೇಬೇಕು, ಹಾಗಾಗಿ ಅದು ಬೇಡ. ರಾಗಿ ಹುರಿಹಿಟ್ಟು ತೆಗೆದುಕೊಳ್ಳಿ. ಅರಳು ಹುರಿದು ಬೀಸಿದ ಹಿಟ್ಟಾದ್ದರಿಂದ ಬಿಸಿ ಹಾಲು ಬಿದ್ದರೆ ಸಾಕು. ಮೂರು ಟೇಬಲ್ ಚಮಚ ಹಿಟ್ಟು, ಒಂದು ಚಮಚ ಬೆಲ್ಲದ ಪುಡಿ, 150 ಮಿ.ಲೀ. ಬಿಸಿ ಹಾಲು. ಹಾಲನ್ನು ಒಮ್ಮೆಗೇ ಸುರಿದರೆ ಗಂಟು ಕಟ್ಟುತ್ತದೆ. ಮೊದಲು ಎರಡು ಚಮಚ ಹಾಲಿನಲ್ಲಿ ಹಿಟ್ಟನ್ನು ನುಣ್ಣಗೆ ಕಲಸಿ, ಆಮೇಲೆ ಉಳಿದದ್ದನ್ನು ಬೆರೆಸಿ. ಐದು ನಿಮಿಷದಲ್ಲಿ ಹಿಟ್ಟು ಉಬ್ಬಿ ಗಟ್ಟಿಯಾಗುವುದರಿಂದ ಕಲಸುವಾಗ ನೀರಾಗಿ ಕಂಡರೆ ಹೆದರಬೇಕಿಲ್ಲ. ಹಿಟ್ಟು, ಬೆಲ್ಲ ಎರಡನ್ನೂ ಡಬ್ಬಿಯಲ್ಲಿ ಅಳೆದಿಟ್ಟುಕೊಂಡು, ಹಾಲನ್ನು ಫ್ಲಾಸ್ಕಿಗೆ ತುಂಬಿಸಿ. ಫ್ಲಾಸ್ಕಿಗೆ ಮೊದಲು ಕುದಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಕುದಿಯುವ ಹಾಲು ಹಾಕಬೇಕು. ಬೆಚ್ಚಗಿನ ಹಾಲನ್ನು ಗಂಟೆಗಟ್ಟಲೆ ಫ್ಲಾಸ್ಕಿನಲ್ಲಿಟ್ಟರೆ ಕೆಡುತ್ತದೆ.

ಮಧ್ಯಾಹ್ನಕ್ಕೆ ಮೊಸರನ್ನ. ಮೆತ್ತಗೆ ಮಾಡಿದ ಒಂದು ಲೋಟ ಅನ್ನ ಪೂರ್ತಿ ಆರಿದ ಮೇಲೆ, ಒಂದೂವರೆ ಲೋಟ ಕಾಯಿಸಿ ಆರಿಸಿದ ಹಾಲು, ಒಂದೇ ಚಮಚ ಮೊಸರು. ಬೆಳಿಗ್ಗೆ ಐದೂವರೆಗೆ ಕಲಸಿದ್ದು ಹನ್ನೆರಡಕ್ಕೆ ಹದವಾಗಿ ಹೆಪ್ಪಾಗಿರುತ್ತದೆ. ಬೆಳಿಗ್ಗೆಯೇ ತುಂಬ ಮೊಸರು ಹಾಕಿದರೆ ಹನ್ನೊಂದಕ್ಕೇ ಹುಳಿ ಬಂದು ಮುದ್ದೆಯಾಗುತ್ತದೆ. ಜೊತೆಗೆ ನಾಲ್ಕು ಏಲಕ್ಕಿ ಬಾಳೆಹಣ್ಣು.

ಡೈಪರ್ ಮೂರು ಗಂಟೆಗೊಂದರಂತೆ ಲೆಕ್ಕ ಹಾಕಿ, ಜೊತೆಗೆ ಹೆಚ್ಚಿಗೆ ಎರಡು. ಹೊಲಸಾದದ್ದನ್ನು ಕಟ್ಟಿ ವಾಪಸು ತರಲು ನಾಲ್ಕು ಗಟ್ಟಿ ಚೀಲ. ಈ ಹುಲ್ಲುಗಾವಲಿನಲ್ಲಿ ಬಿಟ್ಟ ಡೈಪರನ್ನು ಎತ್ತುವವರು ಯಾರೂ ಇಲ್ಲ, ಅದು ಅಲ್ಲೇ ಉಳಿಯುತ್ತದೆ.

ಬುಧವಾರ

ಬೆಳಿಗ್ಗೆ 6ಕ್ಕೆ ಹಾಸನ ಬಿಡುವುದು. ಮಗುವನ್ನು ಎಬ್ಬಿಸಿ ಕುಣಿಸಬೇಕಿಲ್ಲ, ನಿದ್ದೆಗಣ್ಣಲ್ಲೇ ಎತ್ತಿ ಹಿಂದಿನ ಸೀಟಿನ ಮಕ್ಕಳ ಆಸನದಲ್ಲಿ ಕೂರಿಸಿದರೆ ಸಾಕು. ಜಾಕೆಟ್ ತೆಗೆದೇ ಬೆಲ್ಟ್ ಹಾಕಬೇಕು. ಉಬ್ಬಿದ ಜಾಕೆಟ್ಟಿನ ಮೇಲೆ ಬಿಗಿದ ಬೆಲ್ಟು ಕಣ್ಣಿಗೆ ಬಿಗಿಯಾಗಿ ಕಾಣುತ್ತದೆ. ಗಕ್ಕನೆ ಬ್ರೇಕ್ ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಮಗು ಜಾರುವಷ್ಟು ಜಾಗ ಆಗುತ್ತದೆ. ಪರೀಕ್ಷೆ ಸುಲಭ: ಕತ್ತಿನ ಕೆಳಗಿನ ಎಲುಬಿನ ಹತ್ತಿರ ಬೆಲ್ಟನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಚಿವುಟಿ ನೋಡಿ. ಪಟ್ಟಿ ಮಡಿಕೆಯಾಗಿ ಬೆರಳಿಗೆ ಸಿಕ್ಕಿದರೆ ಸಡಿಲವಿದೆ, ಇನ್ನೂ ಎಳೆಯಿರಿ. ಚಳಿಗೆ ಬೆಲ್ಟಿನ ಮೇಲಿಂದ ಶಾಲು ಹೊದಿಸಿ. ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕೂರಿಸಿಕೊಳ್ಳುವುದು ಬೇಡವೇ ಬೇಡ, ಏರ್‌ಬ್ಯಾಗ್ ಬಿಚ್ಚಿಕೊಂಡರೆ ಹೊಡೆತ ನೇರ ಮಗುವಿಗೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಆಸನ ಇಲ್ಲದಿದ್ದರೆ 1,000 ರೂಪಾಯಿ ದಂಡವೂ ಇದೆ.

ಬೇಲೂರಿನವರೆಗೆ ಸುಮಾರು 40 ಕಿ.ಮೀ., ಅಲ್ಲಿಂದ ಚಿಕ್ಕಮಗಳೂರಿಗೆ 25 ಕಿ.ಮೀ. ಚಳಿಗಾಲದಲ್ಲಿ ಗದ್ದೆ ಬಯಲಿನ ಇಬ್ಬನಿ ರಸ್ತೆಯ ಮೇಲೇ ಮಲಗಿರುತ್ತದೆ. ಹೆಡ್‌ಲೈಟಿನ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ವಾಪಸು ಕಣ್ಣಿಗೇ ಹೊಡೆಯುತ್ತದೆ, ಲೋ ಬೀಮಿನಲ್ಲೇ ಹೋಗಿ.

7:30ಕ್ಕೆ ಚಿಕ್ಕಮಗಳೂರು. ಇಲ್ಲಿ ಮುಕ್ಕಾಲು ಗಂಟೆ ನಿಲ್ಲಬೇಕು, ಅವಸರ ಬೇಡ. ಮಗುವಿಗೆ ಒಂದೂವರೆ ಇಡ್ಲಿ ಸಾಕು, ಚಟ್ನಿ–ಸಾಂಬಾರ್ ಇಲ್ಲದೆ, ತುಪ್ಪ ಸವರಿ. ಹೊಟ್ಟೆ ಬಿರಿಯೆ ಹಾಲು ಕುಡಿಸಿ ತಿರುವಿನ ರಸ್ತೆ ಹತ್ತಿಸಿದರೆ ಅದು ಹೊರಗೆ ಬರುತ್ತದೆ. ಖಾಲಿ ಹೊಟ್ಟೆಯಲ್ಲಿ ಹತ್ತಿಸಿದರೂ ಓಕರಿಕೆ ತಪ್ಪಿದ್ದಲ್ಲ. ಡೈಪರ್ ಬದಲಿಸುವುದು, ದೊಡ್ಡವರ ಶೌಚ, ಪೆಟ್ರೋಲ್ ಎಲ್ಲ ಇಲ್ಲೇ ಮುಗಿಸಿಕೊಳ್ಳಿ, ಮೇಲೆ ಇವನ್ನು ನೆಚ್ಚಿಕೊಳ್ಳಬಾರದು. ನೋಂದಣಿಯ ಚೀಟಿಯನ್ನು ಮೊಬೈಲಿನಲ್ಲಿ ಚಿತ್ರವಾಗಿ ಉಳಿಸಿಕೊಳ್ಳಿ, ನಕ್ಷೆಯನ್ನೂ ಇಳಿಸಿಟ್ಟುಕೊಳ್ಳಿ. ತೋಟಗಳ ನಡುವೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ.

ಕೈಮರ ಚೆಕ್‌ಪೋಸ್ಟಿನ ತಪಾಸಣೆ ದಾಟಿದ ಮೇಲೆ ಕಾಫಿ ತೋಟಗಳು. ಸೂಫಿ ಸಂತ ಬಾಬಾ ಬುಡನ್ ಯೆಮನ್ನಿನಿಂದ ಏಳು ಕಾಫಿ ಬೀಜ ತಂದು ಬಿತ್ತಿದರೆಂದು ಜನ ಹೇಳುವುದು ಇದೇ ಬೆಟ್ಟಸಾಲಿನಲ್ಲಿ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅದರ ಕೆಳಗೆ ಅರೇಬಿಕಾ ಗಿಡಗಳಲ್ಲಿ ಗೆಣ್ಣುಗೆಣ್ಣಿಗೂ ಕೆಂಪು ಹಣ್ಣು. ನವೆಂಬರ್‌ನಿಂದ ಜನವರಿವರೆಗೆ ಹಣ್ಣು ಕೊಯ್ಲಿನ ಕಾಲವಾದ್ದರಿಂದ ಆಳುಗಳನ್ನು ಕರೆತರುವ ಜೀಪು, ಪಿಕಪ್‌ಗಳು ಬೆಳಿಗ್ಗೆ ಹೆಚ್ಚು. ತಿರುವಿನಲ್ಲಿ ಹಾರ್ನ್ ಮಾಡಿ, ನಿಮ್ಮ ಬದಿಯಲ್ಲೇ ಇರಿ. ಏರುತ್ತಿರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು, ಇದು ನಿಯಮ. ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎತ್ತುವುದು ಕಷ್ಟ.

ತಿರುವಿನಲ್ಲಿ ಮಗುವಿನ ಮುಖ ನೋಡುತ್ತಿರಿ. ಎರಡು ವರ್ಷದೊಳಗಿನ ಕೂಸುಗಳಿಗೆ ಪ್ರಯಾಣದ ವಾಂತಿ ಅಪರೂಪ, ಎರಡು ದಾಟಿದ ಮೇಲೆಯೇ ಅದು ಶುರುವಾಗುವುದು. ‘ವಾಕರಿಕೆ’ ಎಂದು ಹೇಳಲು ಮಗುವಿಗೆ ಬಾರದು. ಆದರೆ ಮಾತಾಡುತ್ತಿದ್ದದ್ದು ಇದ್ದಕ್ಕಿದ್ದಂತೆ ಸುಮ್ಮನಾಗುತ್ತದೆ, ಆಕಳಿಸುತ್ತದೆ, ತುಟಿಯ ಸುತ್ತ ಬಿಳಿಚಿಕೊಳ್ಳುತ್ತದೆ, ಜೊಲ್ಲು ಇಳಿಯುತ್ತದೆ. ಇಷ್ಟು ಕಂಡರೆ ಐದು ನಿಮಿಷದಲ್ಲಿ ವಾಂತಿ ಎಂದು ತಿಳಿಯಿರಿ. ಅಗಲವಾದ ಜಾಗ ನೋಡಿ ನಿಲ್ಲಿಸಿ, ಇಳಿಸಿ, ಹತ್ತು ನಿಮಿಷ ಗಾಳಿಗೆ ನಡೆಸಿ. ಕಣ್ಣು ಅಲ್ಲಾಡದ ಸೀಟನ್ನು ನೋಡುತ್ತದೆ, ಒಳಕಿವಿ ತಿರುವನ್ನು ಗ್ರಹಿಸುತ್ತದೆ, ಎರಡೂ ತಾಳೆಯಾಗದಿರುವುದೇ ಇದರ ಮೂಲ. ಆದ್ದರಿಂದ ಘಾಟಿಯಲ್ಲಿ ಮಗುವಿನ ಕೈಗೆ ಮೊಬೈಲ್ ಕೊಡಲೇಬಾರದು. ಕಿಟಕಿ ಎರಡು ಬೆರಳು ಇಳಿಸಿ, ದೂರದ ಮರ, ಹಸು ತೋರಿಸುತ್ತಾ ಹೋಗಿ. ವಾಂತಿ ತಡೆಯುವ ಸಿರಪ್ಪುಗಳಲ್ಲಿ ಕೆಲವು ಎರಡು ವರ್ಷದೊಳಗಿನವರಿಗೆ ಕೂಡದು, ಮಕ್ಕಳ ವೈದ್ಯರನ್ನು ಕೇಳದೆ ಹನಿಯನ್ನೂ ಹಾಕಬೇಡಿ.

9:15ರ ಸುಮಾರಿಗೆ ಸೀತಾಳಯ್ಯನಗಿರಿ. ಕಾಫಿ ತೋಟ ಹಿಂದೆ ಬಿದ್ದು ಹುಲ್ಲುಗಾವಲು ತೆರೆದುಕೊಂಡಿರುತ್ತದೆ, ಕಣಿವೆಯ ಮಡಿಕೆಗಳಲ್ಲಷ್ಟೇ ಶೋಲಾ ಎಂಬ ಗಿಡ್ಡ ಮರಗಳ ದಟ್ಟ ಕಾಡು. ಬಹಳ ಮಂದಿ ಇಲ್ಲಿ ನಿಲ್ಲದೆ ಮೇಲೆ ಹೋಗುತ್ತಾರೆ. ಮಗುವಿನ ಜೊತೆ ಬಂದವರಿಗೆ ಇಡೀ ದಿನದ ಒಳ್ಳೆಯ ಜಾಗ ಇದೇ. ಇಲ್ಲಿ ಮಗು ಓಡಬೇಕು. ಮೂರು ಗಂಟೆ ಕೂತ ಕಾಲಿಗೆ ಅರ್ಧ ಗಂಟೆ ಬಿಡುವು ಕೊಡದೆ ಮತ್ತೆ ಕ್ಯಾರಿಯರಿಗೆ ಹಾಕಿದರೆ ಒಪ್ಪುವುದಿಲ್ಲ. ಅಂಚಿನಿಂದ ದೂರ, ಗಾಡಿ ಓಡಾಡದ ಕಡೆ ಹುಲ್ಲಿನ ಮೇಲೆ ಬಿಡಿ. ದೊಡ್ಡವರೊಬ್ಬರು ಯಾವಾಗಲೂ ಇಳಿಜಾರಿನ ಕಡೆ ನಿಂತಿರಬೇಕು. ಕಾರಿನಿಂದ ಇಳಿಸುವಾಗ ಗಾಳಿಯ ಮರೆಯ ಕಡೆಯ ಬಾಗಿಲು ತೆರೆಯಿರಿ. ಗಾಳಿ ಬೀಸುವ ಕಡೆಯ ಬಾಗಿಲು ಕೈ ಮೀರಿ ಬಡಿದುಕೊಳ್ಳುತ್ತದೆ, ಚೌಕಟ್ಟಿನಲ್ಲಿ ಮಗುವಿನ ಬೆರಳಿರುವುದು ಆಗಲೇ. ಹುರಿಹಿಟ್ಟು ಕಲಸಬೇಕಾದದ್ದೂ ಇಲ್ಲೇ, ಕಾರಿನೊಳಗೆ. ಕಪಿಗಳು ಕಂಡರೆ ತಿಂಡಿಯ ಡಬ್ಬಿ ಹೊರಗೆ ತೆಗೆಯಬೇಡಿ, ಮಗುವಿನ ಕೈಗೆ ಬಾಳೆಹಣ್ಣನ್ನಂತೂ ಕೊಡಲೇಬೇಡಿ.

ನೀರಿನ ಬಾಟಲಿಯ ಒಂದು ವಿಷಯ. ಸ್ಟ್ರಾ ಇರುವ ಮಕ್ಕಳ ಬಾಟಲಿಯನ್ನು ಮನೆಯಲ್ಲಿ ಮುಚ್ಚಿ ತಂದು ಇಲ್ಲಿ ಮುಚ್ಚಳ ಎತ್ತಿದರೆ ನೀರು ಕಾರಂಜಿಯಂತೆ ಚಿಮ್ಮಿ ಎದೆಯೆಲ್ಲ ಒದ್ದೆ. ಮನೆಯ ಎತ್ತರದ ಗಾಳಿ ಬಾಟಲಿಯೊಳಗೆ ಸಿಕ್ಕಿಕೊಂಡಿರುತ್ತದೆ, ಹೊರಗಿನ ಒತ್ತಡ ಹತ್ತರಲ್ಲಿ ಒಂದು ಪಾಲು ಇಳಿದಿರುತ್ತದೆ, ಒಳಗಿನ ಗಾಳಿ ನೀರನ್ನು ಸ್ಟ್ರಾ ಮೂಲಕ ಹೊರಗೆ ದಬ್ಬುತ್ತದೆ. ಚಿಪ್ಸ್ ಪೊಟ್ಟಣ ಉಬ್ಬಿ ನಿಲ್ಲುವುದೂ ಇದರಿಂದಲೇ. ಮೊದಲು ಬಾಟಲಿಯ ತಿರುಪಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ, ‘ಸುಸ್’ ಎಂದು ಗಾಳಿ ಹೋದ ಮೇಲೆ ಬಿಗಿದು ಸ್ಟ್ರಾ ಎತ್ತಿ. ಈ ಚಳಿಯಲ್ಲಿ ಮಗುವಿನ ಎದೆ ಒದ್ದೆಯಾದರೆ ಬಟ್ಟೆ ಬದಲಿಸದೆ ಮುಂದೆ ಹೋಗುವ ಹಾಗಿಲ್ಲ.

ಅಲ್ಲಿಂದ ಮುಳ್ಳಯ್ಯನಗಿರಿಯ ಬುಡಕ್ಕೆ ಇನ್ನು ಮೂರೇ ಕಿ.ಮೀ. ಮೆಟ್ಟಿಲ ಬುಡದಲ್ಲಿ ನಿಂತು ತೀರ್ಮಾನ ಮಾಡಬೇಕು. ಮಗುವನ್ನು ಎತ್ತಿಕೊಂಡು ಗಾಳಿಗೆ ಎದುರಾಗಿ ನಿಲ್ಲಿ. ಉಸಿರು ಬಿಗಿಹಿಡಿದು ಮುಖವನ್ನು ನಿಮ್ಮ ಭುಜಕ್ಕೆ ಹುದುಗಿಸಿದರೆ ಮೇಲೆ ಕರೆದುಕೊಂಡು ಹೋಗಬೇಡಿ, ಅಲ್ಲಿ ಗಾಳಿ ಇದಕ್ಕಿಂತ ಜೋರು. ಒಬ್ಬರು ಮಗುವಿನ ಜೊತೆ ಕಾರಿನಲ್ಲಿರಲಿ, ಉಳಿದವರು ಹೋಗಿ ಬಂದು ಅದಲುಬದಲಾಗಲಿ. ಮಂಜು ಹತ್ತು ಮೆಟ್ಟಿಲಾಚೆ ಕಾಣದಷ್ಟಿದ್ದರೂ ಹೀಗೇ.

ಗಾಳಿ ಹದವಾಗಿದ್ದರೆ ಹತ್ತಿ. ಮೆಟ್ಟಿಲುಗಳ ಎತ್ತರ ಒಂದೇ ಸಮನಾಗಿಲ್ಲ. ನಮಗೆ ಒಂದು ಹೆಜ್ಜೆ ಅನ್ನಿಸಿದ್ದು ಮಗುವಿಗೆ ಮೊಣಕಾಲೆತ್ತರ. ಮೊದಲ ಹತ್ತು–ಹದಿನೈದನ್ನು ಅದೇ ಹತ್ತಲಿ, ಆಸೆ ತೀರುತ್ತದೆ, ಆಮೇಲೆ ಕ್ಯಾರಿಯರ್. ಹೊತ್ತವರು ನಡುವೆ, ಇನ್ನೊಬ್ಬರು ಒಂದು ಮೆಟ್ಟಿಲು ಕೆಳಗೆ. ಇಳಿಯುವಾಗಲೂ ಆ ಇನ್ನೊಬ್ಬರು ಕೆಳಗಿನ ಮೆಟ್ಟಿಲಿನಲ್ಲೇ, ಅಂದರೆ ಮುಂದೆ ಇರಬೇಕು. ನಿಧಾನಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿಯುತ್ತದೆ. ಒಂದು ಮಾತು ನೆನಪಿರಲಿ: ಹೊತ್ತವರಿಗೆ ಬೆವರು ಸುರಿಯುತ್ತಿರುವಾಗ ಬೆನ್ನ ಮೇಲೆ ಅಲುಗಾಡದೆ ಕೂತ ಮಗುವಿಗೆ ಚಳಿಯಾಗುತ್ತಿರುತ್ತದೆ. ಕೈ, ಮೂಗು ಮುಟ್ಟಿದರೆ ತಿಳಿಯುವುದಿಲ್ಲ, ಅವು ಹೇಗೂ ತಣ್ಣಗೇ ಇರುತ್ತವೆ. ಕುಲಾವಿಯ ಕೆಳಗೆ, ಹಿಂಗತ್ತಿನಲ್ಲಿ ಎರಡು ಬೆರಳಿಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ತಂಪಾಗಿದ್ದರೆ ಇನ್ನೊಂದು ಪದರ, ಬೆವರಿದ್ದರೆ ಒಂದು ಕಡಿಮೆ.

ಮೇಲೆ ಮುಳ್ಳಯ್ಯನ ಗದ್ದುಗೆಯ ಗುಡಿ, ಸುತ್ತ ಕಲ್ಲಿನ ಪ್ರಾಂಗಣ, ಸುತ್ತಲೂ ಬೆಟ್ಟದ ಬೆನ್ನ ಮೇಲೆ ಬೆಟ್ಟ. ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಶಿಖರವಿಲ್ಲ. ಚಪ್ಪಲಿ ಬಿಟ್ಟರೆ ಕಲ್ಲು ಕೊರೆಯುತ್ತದೆ, ಬರೀ ಕಾಲುಚೀಲದಲ್ಲಿ ನಿಲ್ಲಿಸಿದರೆ ಜಾರುತ್ತದೆ, ಎತ್ತಿಕೊಂಡೇ ದರ್ಶನ ಮಾಡಿಸಿ. ಚಳಿಯಿದೆಯೆಂದು ಬಿಸಿಲನ್ನು ಮರೆಯಬೇಡಿ. ಸಾವಿರ ಮೀಟರ್ ಏರಿದರೆ ಚರ್ಮ ಸುಡುವ ನೇರಳಾತೀತ ಕಿರಣ ಶೇ 10ರಷ್ಟು ಹೆಚ್ಚುತ್ತದೆ, ಸಂಜೆ ಕೆನ್ನೆ ಕೆಂಪಾಗುವುದು ಚಳಿಯಿಂದಲ್ಲ. ಇಪ್ಪತ್ತು ನಿಮಿಷ ಸಾಕು.

11ಕ್ಕೆ ಇಳಿಯಲು ಶುರುಮಾಡಬೇಕು. ಬಾಬಾಬುಡನ್‌ಗಿರಿ, ಗಾಳಿಕೆರೆ, ಮಾಣಿಕ್ಯಧಾರಾ ಜಲಪಾತ ‘ಇಲ್ಲೇ ಹತ್ತಿರ’ ಅನ್ನಿಸುತ್ತವೆ. ಮಾಣಿಕ್ಯಧಾರೆಯ ಒದ್ದೆ ಮೆಟ್ಟಿಲು ಮಗು ಹೊತ್ತವರಿಗೆ ಹೇಳಿದ್ದಲ್ಲ. ಅವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಇಳಿಜಾರಿನಲ್ಲಿ ಹತ್ತಿದ ಗೇರಿನಲ್ಲೇ, ಒಂದು ಅಥವಾ ಎರಡರಲ್ಲಿ ಇಳಿಯಿರಿ. ಬ್ರೇಕನ್ನೇ ಒತ್ತಿಕೊಂಡು ಬಂದರೆ ಅದು ಕಾದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ ಇಪ್ಪತ್ತು ನಿಮಿಷ ಆರಲು ಬಿಡಿ, ನೀರು ಹೊಯ್ಯಬೇಡಿ. ಮಗುವಿಗೆ ಆಗಾಗ ಗುಟುಕು ಗುಟುಕಾಗಿ ನೀರು ಕುಡಿಸುತ್ತಿದ್ದರೆ ಕಿವಿ ತೆರೆದುಕೊಳ್ಳುತ್ತದೆ.

ಚಿಕ್ಕಮಗಳೂರು ತಲುಪಿ ನೆರಳು ನೋಡಿ ಮೊಸರನ್ನ ತಿನ್ನಿಸಿ 12:45ಕ್ಕೆ ಹೊರಟರೆ ಮಗು ಹತ್ತು ನಿಮಿಷದಲ್ಲಿ ನಿದ್ದೆ ಹೋಗುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿ ದಾರಿಯಲ್ಲೇ ಇದ್ದರೂ ಮಧ್ಯಾಹ್ನ ಒಂದೂವರೆಯ ಬಿಸಿಲಿಗೆ ಬೇಲೂರಿನ ಕಲ್ಲುಹಾಸು ಕಾದಿರುತ್ತದೆ. ನಿದ್ದೆಗೆಡಿಸಿ ಎಳೆ ಪಾದವನ್ನು ಅದರ ಮೇಲೆ ಇಡುವುದಕ್ಕಿಂತ ನೇರ ಮನೆಗೆ ಹೋಗುವುದು ಮೇಲು. ಮಗು ಮಲಗಿದೆಯೆಂದು ಕಾರಿನಲ್ಲಿ ಬಿಟ್ಟು ಐದು ನಿಮಿಷಕ್ಕೂ ಇಳಿಯಬೇಡಿ.

ಮನೆಗೆ ಬಂದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆ ಬಿಚ್ಚುವಾಗಲೇ ಮೈ ಪರೀಕ್ಷೆ. ಒಣ ಹುಲ್ಲಿನಲ್ಲಿ ಇಂಬಳ (ಜಿಗಣೆ) ಕಡಿಮೆ, ಮಳೆ ಬಿದ್ದಿದ್ದರೆ ತೋಟದಂಚಿನಲ್ಲಿ ಹತ್ತುತ್ತವೆ. ಕಚ್ಚಿಕೊಂಡಿದ್ದರೆ ಎಳೆಯಬೇಡಿ. ಸಣ್ಣ ತುದಿಯ ಕಡೆ ಬಾಯಿರುತ್ತದೆ, ಅದರ ಪಕ್ಕ ಚರ್ಮಕ್ಕೆ ಉಗುರು ಒತ್ತಿ ಸರಿಸಿದರೆ ಬಿಡುತ್ತದೆ. ಇಂಬಳ ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಸಣ್ಣ ಗಾಯವೂ ಬಹಳ ಹೊತ್ತು ಸೋರುತ್ತದೆ. ಸೋಪುನೀರಿನಲ್ಲಿ ತೊಳೆದು ಶುಭ್ರ ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ.

ಗುರುವಾರ

ಇಂದು ಮಗುವಿಗೆ ಮನೆಯೇ ಸಾಕು. ಕ್ಯಾರಿಯರಿನ ಪಟ್ಟಿಗಳನ್ನು ಒಗೆದು ಬಿಸಿಲಿಗೆ ಹಾಕಿ, ಜಾಕೆಟ್, ಶಾಲುಗಳನ್ನು ಕೊಡವಿ.

ಹಗಲ ಬೆಳಕಿನಲ್ಲಿ ಮೈಯನ್ನು ಇನ್ನೊಮ್ಮೆ ನೋಡಬೇಕು, ಈ ಸಲ ಚರ್ಮಕ್ಕೆ ಕಚ್ಚಿಕೊಂಡು ರಕ್ತ ಹೀರುವ ಉಣುಗಿಗಾಗಿ. ಎಳ್ಳಿನಷ್ಟೇ ಇರುವ ಉಣುಗು ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ, ಕಂಕುಳಲ್ಲಿ, ತೊಡೆಸಂದಿಯಲ್ಲಿ, ಡೈಪರಿನ ಎಲಾಸ್ಟಿಕ್ ಕೆಳಗೆ ಅಡಗಿರುತ್ತದೆ. ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರಕ್ಕೆ, ನಿಧಾನವಾಗಿ ಎತ್ತಿ. ಹಿಸುಕುವುದು, ಎಣ್ಣೆ ಹಚ್ಚುವುದು, ಬಿಸಿ ಮುಟ್ಟಿಸುವುದು ಬೇಡ. ಮಲೆನಾಡಿನಲ್ಲಿ ಇದಕ್ಕೆ ಇಷ್ಟು ಜಾಗ್ರತೆ ಬೇಕಾಗಿರುವುದು ಮಂಗನ ಕಾಯಿಲೆಯಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ ಉಣುಗಿನಿಂದ ಹರಡುತ್ತದೆ, ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕುಗಳಲ್ಲೂ ಕಾಣಿಸಿಕೊಂಡಿದೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜ್ವರ ಬರಬಹುದು. ಗಿರಿಗೆ ಹೋಗಿಬಂದ ದಿನಾಂಕವನ್ನೂ, ಉಣುಗು ಸಿಕ್ಕಿದ್ದರೆ ಮೈಯ ಯಾವ ಭಾಗದಲ್ಲಿ ಎಂಬುದನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಆ ಎಂಟು ದಿನದೊಳಗೆ ಮೈ ಬಿಸಿಯಾದರೆ ಮನೆಮದ್ದು ಮಾಡುತ್ತಾ ಕೂರದೆ ಮಕ್ಕಳ ವೈದ್ಯರ ಹತ್ತಿರ ಕರೆದೊಯ್ದು, ಮೊದಲು ಆ ದಿನಾಂಕ ಹೇಳಿ.